ಸಮತೋಲನ ಪರೀಕ್ಷೆಗೆ ರೋಗಿಗಳ ಆಯ್ಕೆ

ತಲೆಸುತ್ತು, ಓಲಾಟ ಎಂದು ಬರುವವರಲ್ಲಿ ಯಾರ ಒಳಕಿವಿಯ ಸಮತೋಲನಾಂಗವನ್ನು ಉಪಕರಣಗಳಿಂದ ಪರೀಕ್ಷಿಸಬೇಕೆಂಬ ವೈದ್ಯಕೀಯ ನಿರ್ಧಾರ. ಕಿವಿಗೆ ಬಿಸಿ, ತಣ್ಣೀರು ಹಾಯಿಸಿ ಕಣ್ಣಾಲಿಯ ಚಲನೆ ಗಮನಿಸುವ ಪರೀಕ್ಷೆಗೆ ಬುನಾದಿ ಹಾಕಿದವರು ರಾಬರ್ಟ್ ಬಾರಾನಿ (ನೊಬೆಲ್, 1914). ಮಗ್ಗುಲು ಬದಲಿಸಿದಾಗ ಕ್ಷಣಕಾಲ ಸುತ್ತು ಬರುವವರಿಗೆ ಸಾಮಾನ್ಯವಾಗಿ ಉಪಕರಣ ಬೇಕಿಲ್ಲ. ತಲೆಯನ್ನು ಒಂದು ಬದಿಗೆ ತಿರುಗಿಸಿ ಥಟ್ಟನೆ ಮಲಗಿಸುವ ಡಿಕ್ಸ್-ಹಾಲ್‌ಪೈಕ್ ವಿಧಾನವೇ (1952) ಸಾಕು. ಎದ್ದಾಗ ಮಾತ್ರ ಕಣ್ಣು ಕತ್ತಲಿಟ್ಟರೆ ಮೊದಲು ರಕ್ತದೊತ್ತಡ ನೋಡುತ್ತಾರೆ. ಸುತ್ತಿನೊಡನೆ ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಶಂಕೆ, ತುರ್ತು ಚಿಕಿತ್ಸೆಯ ವಿಷಯ. ಕಾರಣ ತಿಳಿಯದೆ ಮರುಕಳಿಸುವ ಸುತ್ತು, ಜೊತೆಗೆ ಒಂದೇ ಕಿವಿ ಮಂದವಾಗಿರುವುದು, ಜೆಂಟಾಮೈಸಿನ್ ಎಂಬ ಪ್ರತಿಜೀವಕದ ಬಳಕೆಯ ನಂತರದ ಓಲಾಟ, ಒಳಕಿವಿಗೆ ಶ್ರವಣ ಸಾಧನ ಅಳವಡಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯ ಪೂರ್ವತಯಾರಿ ಇವು ಪರೀಕ್ಷೆಗೆ ಅರ್ಹ ಸಂದರ್ಭಗಳು. ಕರ್ನಾಟಕದಲ್ಲಿ ಈ ಪರೀಕ್ಷೆ, ಸಂಶೋಧನೆಗಳ ಪ್ರಮುಖ ಕೇಂದ್ರ ಮೈಸೂರು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ.