‘ಡೆಡ್‌ಲೈನ್’: ಒಂದು ಪದದ ಅರ್ಥಚರಿತ್ರೆ

ಜಾರ್ಜ್ ಲೇಕಾಫ್ ಮತ್ತು ಮಾರ್ಕ್ ಜಾನ್ಸನ್ ಅವರ 1980ರ ಕೃತಿಯ ಬಳಿಕ, ದಿನಬಳಕೆಯ ಇಂಗ್ಲಿಷಿನ ಆಲಂಕಾರಿಕ ಪ್ರಯೋಗಗಳನ್ನು ಭಾಷಿಕರ ಆಲೋಚನಾಕ್ರಮದ ಕುರುಹುಗಳೆಂದು ಓದುವ ಪರಿಪಾಠ ಬೆಳೆದಿದೆ. ಆದರೆ ಪದವೊಂದರ ಹುಟ್ಟಿನಲ್ಲಿದ್ದ ಚಿತ್ರವು ಅದರ ಇಂದಿನ ಬಳಕೆಯಲ್ಲಿಯೂ ಉಳಿದಿದೆಯೇ ಎಂಬುದು ಬೇರೆಯೇ ಪ್ರಶ್ನೆ. ‘ಡೆಡ್‌ಲೈನ್’ ಪದವನ್ನು ನಾವು ಇಲ್ಲಿ ಈ ದೃಷ್ಟಿಯಿಂದ ಪರಿಶೀಲಿಸುತ್ತೇವೆ.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಈ ಪದದಲ್ಲಿ ಅಲಂಕಾರವೇನೂ ಇರಲಿಲ್ಲ. ಜಾರ್ಜಿಯಾದ ಆಂಡರ್ಸನ್‌ವಿಲ್‌ನಲ್ಲಿ 1864ರಲ್ಲಿ ಆರಂಭವಾದ ಸೆರೆಶಿಬಿರದಲ್ಲಿ, ದಿಮ್ಮಿಗಳ ಹೊರಗೋಡೆಯಿಂದ ಸುಮಾರು 19 ಅಡಿ ಒಳಗೆ ಮರದ ತೆಳುವಾದ ಬೇಲಿಯೊಂದಿತ್ತು. ಅದನ್ನು ದಾಟಿದ ಕೈದಿಗೆ ಕಾವಲುಗಾರರು ಗುಂಡಿಕ್ಕುತ್ತಿದ್ದರು. ಶಿಬಿರದ ಅಧಿಕಾರಿ ಹೆನ್ರಿ ವಿರ್ಜ್‌ನ ಮೇಲಿನ 1865ರ ದೋಷಾರೋಪಪಟ್ಟಿಯಲ್ಲಿಯೇ ಈ ಪದ ದಾಖಲಾಗಿದೆ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಅದು ಎರಡು ವೃತ್ತಿಪರ ಅರ್ಥಗಳಲ್ಲಿ ದೊರೆಯುತ್ತದೆ: ಮುದ್ರಣಯಂತ್ರದ ಹಾಸಿನ ಮೇಲೆ ಅಚ್ಚುಮೊಳೆಗಳು ಮೀರಬಾರದ ಗೆರೆ ಮತ್ತು ಪತ್ರಿಕೆಗೆ ಸುದ್ದಿ ಒಪ್ಪಿಸಬೇಕಾದ ಕೊನೆಯ ಗಳಿಗೆ. ಜನಪ್ರಿಯ ನಿರೂಪಣೆಗಳು ಸೆರೆಮನೆಯಿಂದ ಸಂಪಾದಕನ ಮೇಜಿಗೆ ನೇರವಾಗಿ ಜಿಗಿಯುತ್ತವೆ. ನಡುವಿನ ಅರ್ಧಶತಮಾನವಾಗಲಿ ಅಚ್ಚುಕೂಟದ ಗೆರೆಯಾಗಲಿ ಅವುಗಳ ಗಣನೆಗೆ ಬರುವುದಿಲ್ಲ. ಕಥೆ ಸೊಗಸಾಗಿರುವುದರಿಂದ ದಾಖಲೆ ಕೇಳುವವರೂ ವಿರಳ.

ಇಂದಿನ ಸಹಪ್ರಯೋಗಗಳು ಇನ್ನೂ ಮುಖ್ಯವಾದ ಸಾಕ್ಷ್ಯ. ಇಂಗ್ಲಿಷಿನಲ್ಲಿ ಡೆಡ್‌ಲೈನನ್ನು ‘ಮೀಟ್’ ಮಾಡುವುದು ಯಶಸ್ಸು, ‘ಮಿಸ್’ ಮಾಡುವುದು ವೈಫಲ್ಯ. ಆಂಡರ್ಸನ್‌ವಿಲ್‌ನ ಕೈದಿಗೆ ಗೆರೆಯಿಂದ ದೂರವಿರುವುದೇ ಕ್ಷೇಮವಾಗಿತ್ತು; ಇಂದಿನ ಭಾಷಿಕನಿಗೆ ಅದು ಮುಟ್ಟಬೇಕಾದ ಗುರಿ, ಕೆಲವೊಮ್ಮೆ ತಾನಾಗಿಯೇ ಅವನತ್ತ ಚಲಿಸಿ ಬರುವ ವಸ್ತು. ಮೂಲಚಿತ್ರವು ಸಕ್ರಿಯವಾಗಿದ್ದರೆ ‘ಕ್ರಾಸ್’ ಎಂಬ ಕ್ರಿಯಾಪದವೇ ರೂಢಿಯಲ್ಲಿರಬೇಕಿತ್ತು. ‘ಗಡುವು ಮೀರು’ ಎನ್ನುವ ಕನ್ನಡದಲ್ಲಿ ಎಲ್ಲೆಯ ಕಲ್ಪನೆ ಇದಕ್ಕಿಂತ ಸ್ಪಷ್ಟವಾಗಿರುವುದು ಕುತೂಹಲಕರ.

ಮೂಲಾರ್ಥ ಮತ್ತು ಬಳಕೆಗಳ ಈ ಅಂತರವನ್ನು ಸಂಸ್ಕೃತ ಆಲಂಕಾರಿಕರೂ ಚರ್ಚಿಸಿದ್ದಾರೆ. ದರ್ಭೆಯನ್ನು ಕೊಯ್ದು ತರುವವನೆಂಬ ವ್ಯುತ್ಪತ್ತಿಯಿದ್ದು ನಿಪುಣನೆಂಬ ಅರ್ಥದಲ್ಲಿ ಬಳಕೆಯಾಗುವ ‘ಕುಶಲ’ ಶಬ್ದವನ್ನು ಮಮ್ಮಟನು ರೂಢಿಲಕ್ಷಣೆಗೆ ಉದಾಹರಿಸಿದನು. ಹದಿನಾಲ್ಕನೆಯ ಶತಮಾನದ ವಿಶ್ವನಾಥನು ಇದನ್ನು ಒಪ್ಪಲಿಲ್ಲ. ವ್ಯುತ್ಪತ್ತಿನಿಮಿತ್ತವೇ ಬೇರೆ, ಪ್ರವೃತ್ತಿನಿಮಿತ್ತವೇ ಬೇರೆ. ಇಲ್ಲವಾದರೆ ಗಮನಾರ್ಥಕ ಧಾತುವಿನಿಂದ ಬಂದ ‘ಗೋ’ ಶಬ್ದವನ್ನು ಮಲಗಿರುವ ಹಸುವಿಗೆ ಬಳಸುವುದೂ ಲಕ್ಷಣೆಯೇ ಆಗಬೇಕಾಗುತ್ತದೆ ಎಂಬುದು ಅವನ ವಾದ. ನಮ್ಮ ಒಲವು ವಿಶ್ವನಾಥನ ಕಡೆಗೆ. ‘ಡೆಡ್‌ಲೈನ್’ನಲ್ಲಿ ಸಾವಿನ ಭೀತಿಯನ್ನು ಕಾಣುವ ವ್ಯಾಖ್ಯಾನವು ಹೆಚ್ಚೆಂದರೆ ವ್ಯುತ್ಪತ್ತಿಯನ್ನು ವಿವರಿಸೀತು, ಇಂದಿನ ಭಾಷಿಕರ ಪರಿಕಲ್ಪನೆಯನ್ನಲ್ಲ. ಆದರೂ ‘ಡೆಡ್’ ಘಟಕವು ಅವರಿಗೆ ಪಾರದರ್ಶಕವಾಗಿಯೇ ಇರುವುದರಿಂದ ಶ್ಲೇಷೆಯಲ್ಲಿ ಅದು ಮತ್ತೆ ಎಚ್ಚೆತ್ತುಕೊಳ್ಳಬಲ್ಲದು. ಕನ್ನಡಿಗರು ಕುಶಲ ವಿಚಾರಿಸುವಾಗ ದರ್ಭೆಗೆ ಆ ಅವಕಾಶವಿಲ್ಲ.