ಶಿಕ್ಷೆ ಕಾಯಿಲೆಗೋ, ಕಾಯಿಲೆ ಬಂದವರಿಗೋ?

ಆಟಿ ತಿಂಗಳಲ್ಲಿ ನಮ್ಮ ಕಾಪು, ಕಾರ್ಕಳದ ಹಳ್ಳಿಗಳಲ್ಲಿ ಕಳೆಂಜ ತಾಳೆಗರಿಯ ಕೊಡೆ ಹಿಡಿದು ಮನೆಯಂಗಳಕ್ಕೆ ಬರುತ್ತಾನೆ. ಕುಣಿದು ಊರಿನ ಮಾರಿ ಕಳೆಯುತ್ತಾನೆ. ಅವನು ಓಡಿಸುವುದು ರೋಗವನ್ನು, ರೋಗಿಯನ್ನಲ್ಲ. ಕಾನೂನು ಹಾಗಲ್ಲ, ಅದು ಮೊದಲಿನಿಂದಲೂ ರೋಗಿಯ ಕೈ ಹಿಡಿದದ್ದೇ ಹೆಚ್ಚು.

ಉಡುಪಿ ಮದ್ರಾಸ್ ಪ್ರಾಂತ್ಯದಲ್ಲಿದ್ದ ಕಾಲ. 1860ರಲ್ಲಿ ಬ್ರಿಟಿಷರು ಭಾರತೀಯ ದಂಡ ಸಂಹಿತೆ ತಂದರು. ಅಪಾಯಕಾರಿ ರೋಗ ಹರಡಬಹುದು ಎಂದು ಗೊತ್ತಿದ್ದೂ ನಿರ್ಲಕ್ಷ್ಯ ಮಾಡಿದರೆ 269ನೇ ಕಲಮಿನಡಿ 6 ತಿಂಗಳವರೆಗೆ ಜೈಲು. ಕೇಡು ಬಗೆದು ಮಾಡಿದರೆ 270ನೇ ಕಲಮಿನಡಿ 2 ವರ್ಷದವರೆಗೆ.

1897ರಲ್ಲಿ, ಮುಂಬಯಿ ಪ್ಲೇಗಿನ ಬೆನ್ನಿಗೆ, ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಪುಣೆಯಲ್ಲಿ ಸೈನಿಕರು ಮನೆಮನೆ ಶೋಧಿಸಿದಾಗ ಜನ ರೋಗಿಗಳನ್ನು ಬಚ್ಚಿಟ್ಟರು. ಮರುವರ್ಷದ ಕುಷ್ಠರೋಗಿಗಳ ಕಾಯ್ದೆಯಂತೂ ಭಿಕ್ಷೆ ಬೇಡುವ ಬಡ ರೋಗಿಗಳನ್ನು ಹಿಡಿದು ಕೂಡಿಡಲು ಅವಕಾಶ ಕೊಟ್ಟಿತು. ಅದು ರದ್ದಾದದ್ದು 2016ರಲ್ಲಿ.

2020ರ ಮೇ ತಿಂಗಳು ನಮಗೆಲ್ಲ ನೆನಪಿದೆ. ಮುಂಬಯಿಯಲ್ಲಿ ದುಡಿಯುತ್ತಿದ್ದ ನಮ್ಮವರು ಊರಿಗೆ ಮರಳಿದರು. ಶಾಲೆ, ಹಾಸ್ಟೆಲುಗಳಲ್ಲಿ ಕ್ವಾರಂಟೈನ್ ಆಯಿತು. ನಿಯಮ ಮುರಿದವರ ಮೇಲೆ ಕೇಸು ಬಿತ್ತು. ಅಷ್ಟು ವರ್ಷ ಮನೆಗೆ ಹಣ ಕಳಿಸಿದವರನ್ನೇ ಜನ ಸಂಶಯದಿಂದ ನೋಡಿದರು.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಹಳೆಯ ಎರಡು ಕಲಮುಗಳು ಈಗ 271 ಮತ್ತು 272. ಸಂಖ್ಯೆ ಬದಲಾಗಿದೆ, ಜೈಲಿನ ಅವಧಿ ಅಷ್ಟೇ ಇದೆ.

ಇದರಲ್ಲೊಂದು ತೊಡಕಿದೆ. ತನಗೆ ರೋಗವಿದೆ ಎಂದು ತಿಳಿದವರ ಮೇಲೆ ಕೇಸು ಹಾಕುವುದು ಸುಲಭ. ಪರೀಕ್ಷೆಯನ್ನೇ ಮಾಡಿಸದವರು ‘ನನಗೆ ಗೊತ್ತಿರಲಿಲ್ಲ’ ಎನ್ನಬಹುದು. ಹೀಗಾದರೆ ಆಸ್ಪತ್ರೆಗೆ ಹೋಗದಿರುವುದೇ ಕ್ಷೇಮ ಎಂದು ಜನ ಭಾವಿಸುವುದಿಲ್ಲವೇ? 2018ರಲ್ಲಿ ಕೇರಳದ ನಿಪಾ ವೈರಸ್ಸನ್ನು ನಮ್ಮ ಮಣಿಪಾಲದ ಪ್ರಯೋಗಾಲಯ ಪತ್ತೆ ಮಾಡಿತು. ರೋಗಿಯ ಮಾದರಿ ಅಲ್ಲಿಗೆ ತಲುಪಿದ್ದರಿಂದಲೇ ಅದು ಸಾಧ್ಯವಾಯಿತು.

ಬೇರೆ ದಾರಿಯೂ ನಮ್ಮ ದೇಶದಲ್ಲೇ ಇದೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ರೋಗಿಯ ಗುಟ್ಟು ಬಯಲು ಮಾಡುವಂತಿಲ್ಲ, ಕೆಲಸದಿಂದಲೋ ಶಾಲೆಯಿಂದಲೋ ಹೊರಹಾಕುವಂತಿಲ್ಲ. ಇತರರಿಗೆ ಹರಡದಂತೆ ಎಚ್ಚರ ವಹಿಸುವ ಕರ್ತವ್ಯವನ್ನೂ ಅದು ಹೇಳುತ್ತದೆ. ಬೇಕೆಂದೇ ಸೋಂಕು ಹರಡಿದವರಿಗಷ್ಟೇ ಕ್ರಿಮಿನಲ್ ಶಿಕ್ಷೆ ಇರಲಿ ಎಂದು ವಿಶ್ವಸಂಸ್ಥೆಯ ಏಡ್ಸ್ ವಿಭಾಗ 2008ರಲ್ಲೇ ಸಲಹೆ ಕೊಟ್ಟಿದೆ.

ನಾವು ಕೇಳುವುದೂ ಇಷ್ಟೇ. ಕೇಡು ಬಗೆದವರಿಗೆ ಶಿಕ್ಷೆಯಾಗಲಿ, ನಿರ್ಲಕ್ಷ್ಯದ ಕಲಮಿಗೆ ಮಿತಿ ಇರಲಿ. ನಾಳೆ ನಮ್ಮ ಮನೆಯಲ್ಲೇ ಒಬ್ಬರಿಗೆ ಕ್ಷಯದ ಕೆಮ್ಮು ಬಂದರೆ, ಅವರು ಹೆದರದೆ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಹೋಗುವಂತಿರಬೇಕು.