ಹೊಕ್ಕುಳಬಳ್ಳಿ ರಕ್ತ: ಶೇಖರಿಸಿಡಬೇಕೇ, ದಾನ ಮಾಡಬೇಕೇ?

ಹೆರಿಗೆಯ ದಿನ ಹತ್ತಿರವಾದಂತೆ ಅನೇಕ ದಂಪತಿಗಳಿಗೆ ಖಾಸಗಿ ಕಾರ್ಡ್ ಬ್ಲಡ್ ಬ್ಯಾಂಕ್‌ಗಳಿಂದ ಕರೆ ಬರುತ್ತದೆ. ಹುಟ್ಟುವ ಮಗುವಿನ ಹೊಕ್ಕುಳಬಳ್ಳಿ ರಕ್ತವನ್ನು ಕಾದಿಟ್ಟರೆ ಮುಂದೆ ಅದೇ ಮಗುವಿನ ಜೀವ ಉಳಿಸಬಹುದು ಎನ್ನುತ್ತಾರೆ. ಹಣ ಕಟ್ಟುವ ಮುನ್ನ ಇದನ್ನು ಓದಿ.

ಏನಿದರ ಉಪಯೋಗ?
ಬಳ್ಳಿ ಕತ್ತರಿಸಿದ ಮೇಲೆ ಅದರಲ್ಲಿ ಉಳಿಯುವ ರಕ್ತದಲ್ಲಿ ಹೊಸ ರಕ್ತಕಣಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್‌ಗಳಿರುತ್ತವೆ. ಇದನ್ನು ಸಂಗ್ರಹಿಸುವಾಗ ತಾಯಿಗಾಗಲಿ ಮಗುವಿಗಾಗಲಿ ನೋವಾಗುವುದಿಲ್ಲ. 1988ರಲ್ಲಿ ಪ್ಯಾರಿಸ್‌ನಲ್ಲಿ ಫ್ಯಾಂಕೋನಿ ಅನೀಮಿಯಾ ಇದ್ದ ಬಾಲಕನಿಗೆ ಮೊದಲ ಬಾರಿ ಇಂಥ ಕಸಿ ನಡೆಯಿತು. ಬಳಸಿದ್ದು ಅವನ ರಕ್ತವಲ್ಲ, ಆಗತಾನೇ ಹುಟ್ಟಿದ ತಂಗಿಯದು.

ಸ್ವಂತಕ್ಕೆ ಏಕೆ ಒದಗದು?
ಥಲಸ್ಸೇಮಿಯಾದಂಥ ಆನುವಂಶಿಕ ಕಾಯಿಲೆ ಇದ್ದರೆ ಅದೇ ದೋಷ ಮಗುವಿನ ಬಳ್ಳಿ ರಕ್ತದಲ್ಲೂ ಇರುತ್ತದೆ. ಸ್ವಂತ ಬಳಕೆಗೆಂದು ಶೇಖರಿಸಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಐಸಿಎಂಆರ್‌ನ 2017ರ ಮಾರ್ಗಸೂಚಿ ಹೇಳುತ್ತದೆ.

ಯಾವಾಗ ಶೇಖರಿಸಬೇಕು?
ಮನೆಯ ಹಿರಿಯ ಮಗುವಿಗೆ ಈ ಕಸಿಯಿಂದ ಗುಣವಾಗಬಲ್ಲ ಕಾಯಿಲೆ ಇದ್ದರೆ ಶೇಖರಣೆಗೆ ಅರ್ಥವಿದೆ. ರಕ್ತರೋಗ ತಜ್ಞರನ್ನು ಮೊದಲೇ ಕೇಳಿ.

ದಾನ ಮಾಡಬಹುದೇ?
ಸಾರ್ವಜನಿಕ ಬ್ಯಾಂಕ್‌ಗೆ ಕೊಟ್ಟರೆ ಹೊಂದಾಣಿಕೆಯಾಗುವ ಯಾವುದೇ ರೋಗಿಗೆ ಅದು ನೆರವಾಗಬಹುದು. ಆದರೆ ಎಲ್ಲ ಆಸ್ಪತ್ರೆಗಳಲ್ಲೂ ಈ ಸೌಲಭ್ಯವಿಲ್ಲ. ಹೆರಿಗೆಗೆ ಕೆಲವು ವಾರಗಳ ಮೊದಲೇ ವಿಚಾರಿಸಿ.

ಇದು ನೆನಪಿರಲಿ
ಬಳ್ಳಿಯನ್ನು ಕನಿಷ್ಠ 1 ನಿಮಿಷ ತಡೆದು ಕತ್ತರಿಸಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದರಿಂದ ಮಗುವಿನ ದೇಹಕ್ಕೆ ಹೆಚ್ಚು ಕಬ್ಬಿಣಾಂಶ ಸೇರುತ್ತದೆ. ಸಂಗ್ರಹಕ್ಕಾಗಿ ಅವಸರ ಮಾಡುವುದು ಬೇಡ. ಶೇಖರಿಸಲಿಲ್ಲವೆಂದು ಕೊರಗುವುದೂ ಬೇಡ.